ಮಿಲ್ಟ್ರಿ ಜರ್ಸಿ ಹೊಲದಾಗ ಹಾಕ್ಕೊಂಡ್ರ ತಪ್ಪೇನ್ರಿ?

ನಾಕ್ ದಿನದಿಂದ ಥಂಡಿ ಜೋರ್ ಐತಿ. ಥ್ರೀ ಫೇಸ್ ಕರೆಂಟ್ ರಾತ್ರಿ ಬರಾಕತ್ತೈತಿ, ಅದಕ್ಕ ಗೋದಿಗೆ ನೀರ ಬಿಡಾಕ ಹನ್ನೊಂದರ ಮ್ಯಾಲ ಹೊಲಕ್ಕ ಹೋಗೂದು. ಡೋಣಿ ದಂಡಿ ಹೊಲ, ಗಾಳಿ ಎಲುಬಿಗೆ ಹತ್ತತೈತಿ. ಆವಾಗ ನಾ ಹಾಕ್ಕೊಳ್ಳೂದು ಒಂದು ಹಳೆ ಹಸಿರು ಮಿಲ್ಟ್ರಿ ಜರ್ಸಿ. ಹೆಗಲಿಗೆ, ಮೊಣಕೈಗೆ ಬಟ್ಟಿ ತ್ಯಾಪಿ ಹಚ್ಚಿದ್ದು. ಇಪ್ಪತ್ತು ವರ್ಷದ ಮ್ಯಾಲಾತು, ಇನ್ನೂ ಹರದಿಲ್ಲ.

ಮೊನ್ನೆ ಮುಂಜಾನೆ ಅದನ್ನ ಹಾಕ್ಕೊಂಡ ಚಾದಂಗಡಿಗೆ ಹೋದೆ. ಒಬ್ಬರು ಅಂದ್ರು, "ಸೈನಿಕರ ಬಟ್ಟಿ ಹಾಕ್ಕೊಂಡು ಕೆಸರ ತುಳಿತಿ, ಅದಕ್ಕ ಮರ್ಯಾದಿ ಬ್ಯಾಡೇನು?" ಆ ಹೊತ್ತಿಗೆ ಉತ್ತರ ಹೊಳಿಲಿಲ್ಲ. ರಾತ್ರಿ ಬದುವಿನ ಮ್ಯಾಲ ಕುಂತಾಗ ಹೊಳೀತು, ಬರೀತೀನಿ.

ಆ ಜರ್ಸಿ ಕೊಟ್ಟವರು ನಮ್ಮ ಓಣಿ ಹವಾಲ್ದಾರ ಕಾಕಾ. ಬೆಳಗಾವಿ ಮರಾಠಾ ಸೆಂಟರಿನ್ಯಾಗ ಟ್ರೇನಿಂಗ್ ಮುಗಿಸಿ, ದೇಶ ಸುತ್ತಿ, ಪೆನ್ಶನ್ ಮ್ಯಾಲ ಊರಿಗೆ ಬಂದವರು. ಕೊಡುಮುಂದ ತೋಳಿನ ಮೂರು ಪಟ್ಟಿ ಬ್ಲೇಡಿನಿಂದ ಒಂದೊಂದು ಹೊಲಿಗಿ ಬಿಚ್ಚಿ ತೆಗೆದು ತಮ್ಮ ಕಿಸೆದಾಗ ಇಟ್ಕೊಂಡ್ರು. "ಉಣ್ಣಿ ನಿಂದು, ಪಟ್ಟಿ ನಂದು" ಅಂದ್ರು.

ನಾ ಹೈಸ್ಕೂಲ್ ಓದುಮುಂದ ಕಾಕಾ ಎರಡು ತಿಂಗಳ ರಜಾ ಮ್ಯಾಲ ಬರ್ತಿದ್ರು. ಯೂನಿಫಾರ್ಮ್ ನೋಡಬೇಕಂತ ನಾವು ಹುಡುಗರೆಲ್ಲ ಬಸ್ಸಿನ ಹತ್ರ ಓಡ್ತಿದ್ವಿ. ಇಳಿಯೂದು ನೋಡಿದ್ರ ಅಗಲ ಕಾಲಿನ ಬೆಲ್ ಬಾಟಮ್, ದೊಡ್ಡ ಕಾಲರಿನ ಹೂವಿನ ಅಂಗಿ, ಕೈಯಾಗ ಎಚ್‌ಎಂಟಿ ಗಡಿಯಾರ! ಕರಿ ಟ್ರಂಕಿನ ಮ್ಯಾಲ ಬಿಳಿ ಬಣ್ಣದಾಗ ಬರೆದ ಹೆಸರು, ನಂಬರ್ ಅಷ್ಟ ಮಿಲ್ಟ್ರಿ ಗುರುತು. ದೊಡ್ಡ ಊರಾಗ ಬೆಲ್ ಬಾಟಮ್ ಫ್ಯಾಶನ್ ಆಗ ಮುಗಿಯಾಕ ಬಂದಿತ್ತು, ನಮಗ ಅದ ಹೊಸಾದು. ನಾನೂ ತಾಳಿಕೋಟಿ ಟೇಲರ್ ಕಡೆ ಹಂಗ ಹೊಲಿಸ್ಕೊಂಡು ಅಪ್ಪನ ಕೈಲೆ ಬೈಸ್ಕೊಂಡಿದ್ದೆ.

ಡ್ಯೂಟಿ ಇಲ್ಲದಾಗ ಹಾಕೂ ಬಟ್ಟಿಗೆ ಅಲ್ಲಿ ಮುಫ್ತಿ ಅಂತಾರಂತ, ನಮ್ಮ ಪೊಲೀಸರ ಮಫ್ತಿ ಇದ್ದಂಗ. ಅದಕ್ಕೂ ಶಿಸ್ತು ಇತ್ತು. ಔಟ್‌ಪಾಸ್ ತಗೊಂಡು ಬೆಳಗಾವಿ ಬಜಾರಕ್ಕ ಹೋಗಬೇಕಂದ್ರ ಬಿಳಿ ಅಂಗಿ, ಇಸ್ತ್ರಿ ಪ್ಯಾಂಟು, ಪಾಲಿಶ್ ಹಚ್ಚಿದ ಬೂಟು. ಗೇಟಿನ್ಯಾಗ ಮ್ಯಾಲಿಂದ ಕೆಳಗ ನೋಡಿ ಬಿಡ್ತಿದ್ರಂತ. "ಹೂವಿನ ಅಂಗಿ ಟ್ರಂಕಿನ ತಳದಾಗ ಇರ್ತಿತ್ತಪಾ, ರೈಲು ಹತ್ತಿದ ಮ್ಯಾಲ ಹೊರಗ ಬರ್ತಿತ್ತು" ಅಂತ ಕಾಕಾ ಈಗೂ ನಗ್ತಾರ.

ಅದ ಕಾಕಾ ಮರದಿನ ಗಳೆ ಹೊಡಿಯಾಕ ಹೊಂಟ್ರ ಹಳೆ ಓ.ಜಿ. ಪ್ಯಾಂಟು, ಹಳೆ ಬೂಟು. ಓ.ಜಿ. ಅಂದ್ರ ಆಲಿವ್ ಗ್ರೀನ್. ಆ ಬಟ್ಟಿ ನಮ್ಮೂರ ಎರಿ ಮಣ್ಣಿಗೆ ಮೊದಲು ಇಳಿಸಿದವರು ಸೈನಿಕರ. ಹಸಿರಿಗಿಂತ ಮುಂಚೆ ಖಾಕಿ ಇತ್ತು. ಖಾಕ್ ಅಂದ್ರ ಧೂಳು. 1850ರ ದಶಕದಾಗ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗಿ ಕಾರ್ಖಾನ್ಯಾಗೂ ಖಾಕಿ ತಯಾರಾಗ್ತಿತ್ತು. ಧೂಳಿನ ಹೆಸರಿಟ್ಟುಕೊಂಡ ಬಟ್ಟಿಗೆ ಧೂಳು ಹತ್ತಿದ್ರ ಏನ್ ಅವಮಾನ ಹೇಳ್ರಿ?

ನನಗ ತಪ್ಪು ಕಾಣೂದು ಬ್ಯಾರೆ. 2022ರ ಜನವರಿ 15ಕ್ಕ ದಿಲ್ಲಿ ಪರೇಡಿನ್ಯಾಗ ಸೈನ್ಯದ ಹೊಸ ಚುಕ್ಕಿ ಚುಕ್ಕಿ ಯೂನಿಫಾರ್ಮ್ ತೋರಿಸಿದ್ರು. ಬಜಾರದಾಗ ಮಾರಬಾರದು ಅಂತ ಹೇಳಿದ್ರೂ ಕಾಪಿ ಮಾಲು ಬಂದ ಬಿಡ್ತು. 2016ರಾಗ ಪಠಾಣಕೋಟ್ ವಾಯುನೆಲೆಗೆ ನುಗ್ಗಿದವರು ಸೈನ್ಯದ ಬಟ್ಟಿನ ಹಾಕ್ಕೊಂಡಿದ್ರು. ಆಮ್ಯಾಲ ಇಂಥಾ ಬಟ್ಟಿ ಮಾರಬ್ಯಾಡ್ರಿ, ಹಾಕಬ್ಯಾಡ್ರಿ ಅಂತ ಸೈನ್ಯದವರ ಕೇಳ್ಕೊಂಡ್ರು. ಕಾನೂನೂ ಐತಿ. ಭಾರತೀಯ ನ್ಯಾಯ ಸಂಹಿತೆ 168ನೇ ಕಲಮು. ತಾನು ಸೈನಿಕ ಅಂತ ಜನ ನಂಬಲಿ ಅನ್ನೂ ಉದ್ದೇಶದಿಂದ ಹಾಕ್ಕೊಂಡ್ರ 3 ತಿಂಗಳ ತನಕ ಜೈಲು, ಇಲ್ಲಾ 2000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಉದ್ದೇಶ ಅನ್ನೂ ಮಾತು ನೋಡ್ರಿ. ರಾತ್ರಿ ನೀರ ಬಿಡಾವನ್ನ ಯಾರ ಸೈನಿಕ ಅಂತಾರ?

ಇಷ್ಟು ಹೇಳಿ ನನ್ನ ಮನಿ ಮಾತು ಮುಚ್ಚಿಡೂದು ಸರಿ ಅಲ್ಲ. ನನ್ನ ಮಗನೂ ಕಾಪಿ ಬಟ್ಟಿ ತಂದಾನ. ಎರಡು ವರ್ಷ ನಸುಕಿನ್ಯಾಗ ಎದ್ದು ರಸ್ತಾದ ಮ್ಯಾಲ ಓಡಿದ. ಎರಡು ಸಲ ಭರ್ತಿಗೆ ಹೋದ, 1600 ಮೀಟರ್ ಓಟದಾಗ ಎರಡು ಸಲನೂ ಹಿಂದ ಬಿದ್ದ. ಅಗ್ನಿವೀರ ವಯಸ್ಸು ಆಗ 21 ಇತ್ತು, ಅದೂ ದಾಟಿತು. ಆಮ್ಯಾಲ ಒಂದಿನ ಸಂತ್ಯಾಗ ಆ ಪ್ಯಾಂಟು ಮತ್ತ ಕಠಾರಿ, ರೆಕ್ಕಿ ಇರೂ 'ಬಲಿದಾನ' ಗುರುತಿನ ಟೀಶರ್ಟ್ ತಂದ. 2019ರ ವರ್ಲ್ಡ್ ಕಪ್ಪಿನ್ಯಾಗ ಧೋನಿ ಗ್ಲೌಸ್ ಮ್ಯಾಲ ಇತ್ತಲ್ಲ, ಅದ. ಅದು ಪ್ಯಾರಾ ಸ್ಪೆಷಲ್ ಫೋರ್ಸಿನವರು ಗಳಿಸೂ ಗುರುತು. ಧೋನಿಗೂ ಐಸಿಸಿ ಆಟದಾಗ ಬ್ಯಾಡ ಅಂತು.

ಕಾಕಾ ಕಟ್ಟಿ ಮ್ಯಾಲ ಕುಂತಿದ್ರು. ಮಗನ್ನ ಕರೆದು ಎದಿ ಮ್ಯಾಲಿನ ಗುರುತಿಗೆ ಬಟ್ಟು ಹಚ್ಚಿ, "ಇದನ್ನ ಎಲ್ಲಿ ಗಳಿಸಿದಿ ತಮ್ಮಾ?" ಅಂದ್ರು. ಬೈಲಿಲ್ಲ, ಮೆಲ್ಲಕ ಕೇಳಿದ್ರು. ಮಗ ಮಾತಾಡಲಿಲ್ಲ. ಆ ರಾತ್ರಿ ಉಣ್ಣಲೂ ಇಲ್ಲ.

ಕಾಕಾ ಕೇಳಿದ್ದು ಖರೆ ಐತಿ, ನಾ ಅಲ್ಲಗಳೆಯೂದಿಲ್ಲ. ಆದ್ರ ಚಾದಂಗಡ್ಯಾಗ ಇಂಥಾ ಹುಡುಗರನ್ನ ನೋಡಿ "ಬಂದ ನೋಡ್ರಿ ಕರ್ನಲ್" ಅಂತ ನಗೂದು ನನಗ ಸೇರೂದಿಲ್ಲ. ಅವರಿಗೆ ಆ ಬಟ್ಟಿ ಫ್ಯಾಶನ್ ಅಷ್ಟ ಅಲ್ರಿ, ಸಿಗದ ಹೋಗಿದ್ದು. ಅಂಗಡಿಯವರಿಗೆ ನನ್ನ ಕೇಳಿಕಿ ಇಷ್ಟ: ಹಸಿರು ಪ್ಯಾಂಟು ಎಷ್ಟರ ಮಾರ್ರಿ, ಗುರುತು ಮಾರಬ್ಯಾಡ್ರಿ, ಹೊಸ ಚುಕ್ಕಿ ಬಟ್ಟಿ ಮಾರಬ್ಯಾಡ್ರಿ. ಪೆನ್ಶನ್ ಬಂದ ಹಿರ್ಯಾರು ಹಳೆ ಜರ್ಸಿ, ಕೋಟು ತಿಪ್ಪಿಗೆ ಒಗಿಬ್ಯಾಡ್ರಿ. ಪಟ್ಟಿ ಬಿಚ್ಚಿಟ್ಕೊಂಡು ನೀರ ಬಿಡೂ ಹುಡುಗರಿಗೆ ಕೊಡ್ರಿ, ಜೋಡಿ ಹೂವಿನ ಅಂಗಿ ಸುದ್ದಿನೂ ಹೇಳ್ರಿ.

ಟೀಶರ್ಟಿನ ಗುರುತು ಅಚ್ಚು ಹಾಕಿದ್ದು, ಬ್ಲೇಡಿಗೆ ಬರೂದಿಲ್ಲ. ಮಗ ಈಗ ಅದನ್ನ ಒಳಗಿನ ಮಗ್ಗಲು ಹೊರಗ ಮಾಡಿ ಹಾಕ್ಕೊಂಡು ತೊಗರಿ ಕೊಯ್ಯಾಕ ಬರ್ತಾನ. ನಾ ಏನೂ ಕೇಳಿಲ್ಲ.