ರಾಮಗಢವನ್ನು ಕಟ್ಟಿದವರಾರು?

‘ಶೋಲೆ’ಯ ಚರಿತ್ರಕಾರರ ಮೇಲೆ ನನ್ನದೊಂದು ತಕರಾರು. 1973ರ ಅಕ್ಟೋಬರಿನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಮೊದಲಾಯಿತು, ಕಲಾನಿರ್ದೇಶಕ ರಾಮ್ ಯೇಡೇಕರರು ‘ರಾಮಗಢ’ವೆಂಬ ಊರನ್ನೇ ಎಬ್ಬಿಸಿದರು, ರೈಲಿನ ಹೊಡೆದಾಟ ಮಾತ್ರ ದೂರದ ಪನ್ವೇಲಿನ ಹಳಿಗಳ ಮೇಲೆ, 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಇಷ್ಟೆಲ್ಲ ಗ್ರಂಥಸ್ಥವಾಗಿದೆ. ಗಬ್ಬರನ ಒಂದೊಂದು ಮಾತಿಗೂ ವ್ಯಾಖ್ಯಾನಕಾರರುಂಟು!

ಸರಿ ಸ್ವಾಮಿ, ಆ ಊರಿಗೆ ಕಲ್ಲುಮಣ್ಣು ಹೊತ್ತವರಾರು? ಬಂಡೆಗಳ ನಡುವೆ ದಾರಿ ಕಡಿದವರಾರು? ದಿನಗೂಲಿ ಎಷ್ಟು? ಶಾಸನದ ಕೊನೆಯಲ್ಲಿ ಅದನ್ನು ಕೆತ್ತಿದ ರೂವಾರಿಯ ಹೆಸರು ಸಿಕ್ಕರೆ ತರಗತಿಯಲ್ಲಿ ಎರಡೆರಡು ಸಲ ಓದಿಸುವವನು ನಾನು. ಸಿನಿಮಾದ ಚರಿತ್ರೆಗೆ ಅಷ್ಟು ಮರ್ಯಾದೆಯೂ ಬೇಡವೆ?

ಅಂದು ಇಪ್ಪತ್ತರ ಹರೆಯದವರಿಗೆ ಇಂದು ಎಪ್ಪತ್ತು ದಾಟಿದೆ. ಮುಂದಿನ ಪುಸ್ತಕ ಬರೆಯುವವರು ಮುಂಬಯಿಯ ಸ್ಟುಡಿಯೋಗೆ ಹೋಗುವ ಮೊದಲು ಈ ಹಳ್ಳಿಗಳ ಜಗಲಿಯ ಮೇಲೆ ಕೂರಲಿ. ಬೇಗ ಬರಲಿ.