ಕಾಣದ ಕಣಗಳ ನಕ್ಷೆ

ಮಂಡ್ಯ ಜಿಲ್ಲೆಯ ರೈತರಿಗೆ ನಾಲೆಯ ನಕ್ಷೆ ಅಪರಿಚಿತವಾದುದಲ್ಲ. ಕಾವೇರಿಯ ನೀರು ಕೃಷ್ಣರಾಜಸಾಗರದಿಂದ ಹೊರಟು ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳನ್ನು ಸೇರುವ ಬಗೆಯನ್ನೂ, ಹೇಮಾವತಿಯ ನೀರು ಕೃಷ್ಣರಾಜಪೇಟೆ, ನಾಗಮಂಗಲಗಳತ್ತ ಸಾಗುವ ಬಗೆಯನ್ನೂ ಒಂದು ಹಾಳೆಯ ಮೇಲೆ ಕೆಲವೇ ಗೆರೆಗಳಲ್ಲಿ ತೋರಿಸಬಹುದು. ಆ ಹಾಳೆಯಲ್ಲಿ ನೀರಿನ ಬಣ್ಣವಿಲ್ಲ. ಏರಿಯ ಮೇಲಣ ಹುಲ್ಲಿಲ್ಲ. ಆದರೂ ಯಾವ ನಾಲೆ ಎಲ್ಲಿ ಕವಲೊಡೆಯುತ್ತದೆಂಬುದನ್ನು ಅದು ಹೇಳುತ್ತದೆ. ಸೋರಿಹೋದುದನ್ನು ಬಿಟ್ಟರೆ, ಕವಲಿಗೆ ಬಂದ ನೀರೆಷ್ಟೋ ಅಲ್ಲಿಂದ ಮುಂದೆ ಹರಿದ ನೀರೂ ಅಷ್ಟೇ ಎಂಬ ಲೆಕ್ಕಕ್ಕೆ ಅದು ಆಧಾರವಾಗುತ್ತದೆ.

ಭೌತವಿಜ್ಞಾನಿಗಳೂ ಇಂತಹುದೇ ಒಂದು ನಕ್ಷೆಯನ್ನು ಬಳಸುತ್ತಾರೆ. ಅಮೆರಿಕದ ರಿಚರ್ಡ್ ಫೈನ್‌ಮನ್ 1948ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟು, 1949ರಲ್ಲಿ ಪ್ರಕಟಿಸಿದನು. ಅದರಲ್ಲಿ ನೇರ ಗೆರೆ ಎಲೆಕ್ಟ್ರಾನನ್ನೂ, ಅಲೆಯಂತಹ ಗೆರೆ ಬೆಳಕಿನ ಕಣವಾದ ಫೋಟಾನನ್ನೂ ಸೂಚಿಸುತ್ತದೆ. ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದನ್ನು ಎರಡು ನೇರ ಗೆರೆಗಳಿಂದಲೂ ಅವುಗಳ ನಡುವಣ ಒಂದು ಅಲೆಗೆರೆಯಿಂದಲೂ ತೋರಿಸುತ್ತಾರೆ. ಗೆರೆಗಳು ಕೂಡುವ ಪ್ರತಿಯೊಂದು ಬಿಂದುವಿನಲ್ಲಿಯೂ ವಿದ್ಯುದಾವೇಶ, ಶಕ್ತಿ, ಸಂವೇಗಗಳ ಲೆಕ್ಕ ನಾಲೆಯ ಕವಲಿನಲ್ಲಿ ನೀರಿನ ಲೆಕ್ಕದಂತೆ ಸರಿಹೋಗಬೇಕು.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ನಾಲೆಯ ನೀರು ಇಂತಹ ದಾರಿಯಲ್ಲಿಯೇ ಹರಿಯಿತೆಂದು ಹೇಳಬಹುದು. ಕಣಗಳ ವಿಷಯದಲ್ಲಿ ಹಾಗೆ ಹೇಳಲಾಗದು. ಒಂದೇ ಆರಂಭದಿಂದ ಒಂದೇ ಅಂತ್ಯವನ್ನು ಮುಟ್ಟುವ ನಕ್ಷೆಗಳು ಹಲವಾರು. ಪ್ರತಿಯೊಂದು ನಕ್ಷೆಯೂ ಒಂದೊಂದು ಗಣಿತಪದವನ್ನು ಪ್ರತಿನಿಧಿಸುತ್ತದೆ. ಆ ಪದಗಳನ್ನೆಲ್ಲ ಕೂಡಿದಾಗಲೇ ಘಟನೆಯ ಸಂಭವನೀಯತೆ ದೊರೆಯುತ್ತದೆ. ಎಲೆಕ್ಟ್ರಾನಿನ ಕಾಂತಗುಣವನ್ನು ಲೆಕ್ಕ ಹಾಕುವಾಗ ಮೊದಲ ತಿದ್ದುಪಡಿಗೆ ಒಂದು ನಕ್ಷೆ ಸಾಕು. ಮುಂದಿನ ಹಂತಗಳಲ್ಲಿ ಕ್ರಮವಾಗಿ 7, 72, 891, 12,672 ನಕ್ಷೆಗಳು ಬೇಕು. ಕಿನೋಶಿತ ಮತ್ತು ಅವನ ಸಂಗಡಿಗರು 2012ರಲ್ಲಿ ಈ ಐದನೆಯ ಹಂತದ ಲೆಕ್ಕವನ್ನು ಪ್ರಕಟಿಸಿದರು. ಇಂತಹ ಲೆಕ್ಕಕ್ಕೂ ಪ್ರಯೋಗದ ಅಳತೆಗೂ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಹೊಂದಿಕೆಯಿದೆ. ಆದರೆ ಆ ಸಾವಿರಾರು ನಕ್ಷೆಗಳಲ್ಲಿ ನಿಜವಾಗಿ ನಡೆದುದು ಯಾವುದು ಎಂದು ಕೇಳುವುದಕ್ಕೆ ಅರ್ಥವಿಲ್ಲ.

ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಪ್ರಯೋಗ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳವರೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಕಂಡರು. ಉಪಕರಣದಲ್ಲಿ ಮೂಡಿದುದು ನ್ಯೂಟ್ರಿನೋ ಅಲ್ಲ. ಅದು ಬಂಡೆಯಲ್ಲಿ ಹುಟ್ಟಿಸಿದ ಮ್ಯೂಆನಿನ ಜಾಡು. ಇಂದು ಆ ಘಟನೆಯ ನಕ್ಷೆಯನ್ನು ಬರೆಯುವವರು ನಡುವೆ ಡಬ್ಲ್ಯು ಕಣದ ಗೆರೆಯೊಂದನ್ನು ಎಳೆಯುತ್ತಾರೆ. ಮ್ಯೂಆನಿನ ಜಾಡು ಕಂಡುದು. ನಡುವಣ ಆ ಗೆರೆ ಎಣಿಸಿದುದು. ಕಂಡುದಕ್ಕೂ ಎಣಿಸಿದುದಕ್ಕೂ ಇರುವ ಈ ಅಂತರವನ್ನು ಮರೆಯುವುದು ವಿಜ್ಞಾನದ ಮಾರ್ಗವಲ್ಲ.

ಹಾಗಾದರೆ ಮೋಸಗೊಳಿಸುವ ಚಿತ್ರವೇಕೆ, ಸಮೀಕರಣವಷ್ಟೇ ಸಾಲದೆ ಎಂದು ಕೆಲವರು ಕೇಳಬಹುದು. ಶ್ವಿಂಗರ್ ಎಂಬ ವಿಜ್ಞಾನಿ ಚಿತ್ರಗಳ ನೆರವಿಲ್ಲದೆ ದೀರ್ಘವಾದ ಗಣಿತದಿಂದಲೇ ಇದೇ ಗುರಿಯನ್ನು ಮುಟ್ಟಿದನು. ಎರಡು ಮಾರ್ಗಗಳೂ ಒಂದೇ ಎಂದು 1949ರಲ್ಲಿ ಡೈಸನ್ ತೋರಿಸಿಕೊಟ್ಟನು. ಆದರೂ ಮುಂದಿನ ಪೀಳಿಗೆಯ ವಿಜ್ಞಾನಿಗಳ ಕೈಗೆ ಬಂದುದು ಫೈನ್‌ಮನ್ನನ ನಕ್ಷೆಯೇ. ಯಾವ ಪದವೂ ಬಿಟ್ಟುಹೋಗದಂತೆ ಲೆಕ್ಕವನ್ನು ಕ್ರಮವಾಗಿಡಲು ಅದಕ್ಕಿಂತ ಸುಲಭವಾದ ಸಾಧನವಿರಲಿಲ್ಲ.

ಆದುದರಿಂದ ದೋಷವಿರುವುದು ಚಿತ್ರದಲ್ಲಲ್ಲ, ಅದನ್ನು ಕಲಿಸುವ ರೀತಿಯಲ್ಲಿ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಎಲೆಕ್ಟ್ರಾನುಗಳು ಸುತ್ತುವ ಪರಮಾಣುವಿನ ಚಿತ್ರವನ್ನು ಬಾಲ್ಯದಲ್ಲಿ ನಿಜವೆಂದು ನಂಬಿದ ವಿದ್ಯಾರ್ಥಿ, ಮುಂದೆ ಅದನ್ನು ಮರೆಯಲು ಎಷ್ಟೋ ಶ್ರಮಪಡಬೇಕಾಗುತ್ತದೆ. ಕಪ್ಪುಹಲಗೆಯ ಮೇಲೆ ಚಿತ್ರ ಬರೆಯುವ ಅಧ್ಯಾಪಕರು ಅದು ಏನನ್ನು ಹೇಳುತ್ತದೆಂಬುದರ ಜೊತೆಗೆ ಏನನ್ನು ಹೇಳುವುದಿಲ್ಲವೆಂಬುದನ್ನೂ ಅಂದೇ ತಿಳಿಸುವುದು ಅಗತ್ಯ. ನಾಲೆಯ ನಕ್ಷೆಯಲ್ಲಿ ನೀರನ್ನು ಹುಡುಕದೆ ಲೆಕ್ಕವನ್ನು ಓದಬಲ್ಲ ರೈತನ ಮಗನಿಗೆ, ಮಗಳಿಗೆ ಈ ವಿವೇಕ ಕಷ್ಟವಾಗಲಾರದು.