ಡಾಕ್ಟರನ್ನ ದೇವರು ಅನ್ನೋದು ಬಿಡಿ ಸ್ವಾಮಿ!

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಅದೇ ಗೋಳು. ಇವತ್ತು ಬರೀತಿರೋದು ಸಿಟ್ಟಿಗೆ.

ಚಿಂತಾಮಣಿ, ಗೌರಿಬಿದನೂರು, ನಮ್ಮ ನೆಂಟರು ಎಲ್ಲೇ ಸೇರಲಿ, ಆಪರೇಷನ್ ಮಾತು ಬಂದರೆ ಒಂದು ಡೈಲಾಗ್ ಗ್ಯಾರಂಟಿ: "ಆ ಸರ್ಜನ್ ದೇವರು ಕಣಪ್ಪಾ, ನಿಂತು ಮಾತಾಡಿಸ್ತಾರೆ." ಗಮನಿಸಿದ್ರಾ? ಆಪರೇಷನ್ ಚೆನ್ನಾಗಿ ಮಾಡಿದ್ದಕ್ಕಲ್ಲ, ಮಾತಾಡಿಸಿದ್ದಕ್ಕೆ ದೇವರು!

ನಮ್ಮಜ್ಜಿ ಕಥೆ ಕೇಳಿ. ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಹುಳು ಸಾಕೋದು ಕಸುಬು, ಮನೆಮಾತು ತೆಲುಗು. ಹೋದ ವರ್ಷ ಪಿತ್ತಕೋಶದಲ್ಲಿ ಕಲ್ಲು. ನಾನು ಬುದ್ಧಿವಂತ ಮೊಮ್ಮಗ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಸೇರಿಸಿದೆ. ರಾತ್ರಿ ಯಾರೋ ಬಂದು ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಬಾರದು ಅಂತ ಅವಳಿಗೆ ಅರ್ಥವಾಗೋ ಹಾಗೆ ಯಾರೂ ಹೇಳಲಿಲ್ಲ. ಫ್ಲಾಸ್ಕಿನಲ್ಲಿದ್ದ ರಾಗಿ ಗಂಜಿ ಕುಡಿದುಬಿಟ್ಟಳು. ಆಪರೇಷನ್ ಕ್ಯಾನ್ಸಲ್! ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಒಪ್ಪಿದೆ. ಆದರೆ ಬೈಸಿಕೊಂಡಿದ್ದು ಅಜ್ಜಿ. "ಓದುಬರಹ ಇಲ್ಲದವರು" ಅಂದರು. ಬಿ.ಇ. ಓದಿದ ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಅದು ಈಗಲೂ ಚುಚ್ಚುತ್ತೆ.

ಅಜ್ಜಿ ಹಠ ಹಿಡಿದು ಊರಿಗೆ ಹೊರಟಳು. ಮತ್ತೆ ನೋವು ಬಂದಾಗ ಚಿಕ್ಕಬಳ್ಳಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಸರ್ಜನ್ ಕೇಳಿದ ಮೊದಲ ಪ್ರಶ್ನೆ, "ಎಟ್ಲುಂದಿ ಅವ್ವಾ?" ಎರಡನೆಯದು, ಏನು ಕೆಲಸ ಮಾಡ್ತೀರಿ ಅಂತ. ಹುಳು ನಾಲ್ಕನೇ ಜ್ವರದಲ್ಲಿದೆ ಅಂದಳು. ಪರೀಕ್ಷೆ ಮಾಡಿ, ರಿಪೋರ್ಟ್ ನೋಡಿ ಹೇಳಿದರು: "ಚಂದ್ರಿಕೆಗೆ ಬಿಟ್ಟು ಬನ್ನಿ, ಪರವಾಗಿಲ್ಲ. ಅಷ್ಟರಲ್ಲಿ ಚಳಿಜ್ವರವೋ ಕಾಮಾಲೆಯೋ ಬಂದರೆ ಮಾತ್ರ ಅರ್ಧರಾತ್ರಿಯಾದ್ರೂ ಓಡಿ ಬನ್ನಿ." ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಖರ್ಚೆಷ್ಟು ಅಂತಲೂ ಹೇಳಿದರು. ಮಾತಿಗೆ ಹಿಡಿದದ್ದು ಹತ್ತು ನಿಮಿಷ.

ಈಗ ಅಜ್ಜಿಗೂ ಅವರು ದೇವರು. ನನ್ನ ತಕರಾರು ಇಲ್ಲೇ. ಒಬ್ಬರನ್ನ ದೇವರು ಮಾಡಿದರೆ ಉಳಿದವರೆಲ್ಲ ಪಾರು! ಅವರು ಮಾಡಿದ್ದು ಪವಾಡವಲ್ಲ, ಕೆಲಸ. ಪೂರ್ತಿ ಮಾಡಿದ ಕೆಲಸ.

ಇದು ಕಾನೂನಲ್ಲೂ ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದದ್ದು ಆಗಿನ ಆರೋಗ್ಯ ಸಚಿವ, ನಮ್ಮ ಪಕ್ಕದ ಶ್ರೀನಿವಾಸಪುರದ ಶಾಸಕರಾಗಿದ್ದ ರಮೇಶ್ ಕುಮಾರ್. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಮಾಡಿದರು, ಮಸೂದೆ ಸಡಿಲವಾಯ್ತು. ಆದರೂ ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ಕಾಯಿಲೆ ಏನು, ಚಿಕಿತ್ಸೆ ಏನು, ಖರ್ಚೆಷ್ಟು ಅಂತ ತಿಳಿಯೋದು ಹಕ್ಕು. ದಯೆ ಅಲ್ಲ.

"ರೋಗಿಗಳು ಜಾಸ್ತಿ, ಟೈಮಿಲ್ಲ" ಅಂತೀರಾ? ಎರಡು ನಿಮಿಷ ತೆಲುಗಲ್ಲಿ ಹೇಳಿದ್ದರೆ ಒಂದು ಆಪರೇಷನ್ ಥಿಯೇಟರಿನ ಇಡೀ ಬೆಳಗು ಉಳೀತಿತ್ತು. ಹೌದು, ತಪ್ಪು ಡಾಕ್ಟರದೊಂದೇ ಅಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಒಂದೊಂದು ಚಿಕಿತ್ಸೆಗೂ ಒಂದೊಂದು ಪ್ಯಾಕೇಜ್ ದರ. ಹತ್ತು ನಿಮಿಷದ ಮಾತಿಗೆ ಅಂತ ಬೇರೆ ದರವಿಲ್ಲ. ಟೈಮ್‌ಶೀಟಿನಲ್ಲಿ ಇಲ್ಲದ ಕೆಲಸ ಯಾರೂ ಮಾಡಲ್ಲ ಅನ್ನೋದು ನಮ್ಮ ಫೀಲ್ಡಿನವರಿಗೆ ಚೆನ್ನಾಗಿ ಗೊತ್ತು :)

ಅದಕ್ಕೇ ಕೇಳಿಕೊಳ್ಳೋದು, ಒಳ್ಳೆ ಸರ್ಜನ್ ಸಿಕ್ಕರೆ ಕೈಮುಗಿಯಬೇಡಿ, ಥ್ಯಾಂಕ್ಸ್ ಹೇಳಿ. ಸಿಗದಿದ್ದರೆ ನನ್ನ ಹಾಗೆ ಸುಮ್ಮನೆ ನಿಲ್ಲಬೇಡಿ, "ಅಜ್ಜಿಗೆ ಅರ್ಥವಾಗೋ ಹಾಗೆ ಹೇಳಿ ಸಾರ್" ಅಂತ ಕೇಳಿ.

ನೀವೇನಂತೀರಿ? ಬೈಯೋ ಡಾಕ್ಟರುಗಳಿಗೂ ಸ್ವಾಗತ.